ವಾರ್ಸಾ: ಕೋಶದಿಂದ ಎದ್ದ ನಗರ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ನಾಣ್ಣುಡಿಯು ಜ್ಞಾನಾರ್ಜನೆಗೆ ಎರಡು ದಾರಿಗಳನ್ನು ತೋರಿಸುತ್ತದೆ. ಪೋಲಂಡ್ ದೇಶದ ರಾಜಧಾನಿಯಾದ ವಾರ್ಸಾ ನಗರದಲ್ಲಿ ಈ ಎರಡು ದಾರಿಗಳೂ ಒಂದಾಗಿ ಕೂಡುತ್ತವೆ. ವಿಸ್ತುಲಾ ನದಿಯ ಎಡದಂಡೆಯ ಮೇಲಿರುವ ಅದರ ಹಳೆಯ ಪಟ್ಟಣವನ್ನು ಸುತ್ತುವವನು ಒಂದು ಕೋಶವನ್ನೇ ಓದುತ್ತಿರುತ್ತಾನೆ. ಏಕೆಂದರೆ ಅಲ್ಲಿನ ಬೀದಿಗಳೂ ಮನೆಗಳೂ ಒಮ್ಮೆ ಸಂಪೂರ್ಣ ನಾಶವಾಗಿ, ಕಾಗದದ ಮೇಲೆ ಉಳಿದಿದ್ದ ನಕ್ಷೆ ಹಾಗೂ ಚಿತ್ರಗಳ ಆಧಾರದಿಂದ ಮತ್ತೆ ಎದ್ದು ನಿಂತಂಥವು.

ಹಳೆಯ ಪಟ್ಟಣದ ಹೆಬ್ಬಾಗಿಲಿನಂತಿರುವುದು ಅರಮನೆಯ ಚೌಕ. ಅದರ ನಡುವೆ ದೊರೆ ಮೂರನೆಯ ಸಿಗಿಸ್ಮಂಡನ ಪ್ರತಿಮೆಯನ್ನು ಹೊತ್ತ ಎತ್ತರವಾದ ಸ್ತಂಭವಿದೆ. ಕ್ರಾಕೋವ್ ನಗರದಲ್ಲಿದ್ದ ರಾಜಸಭೆಯನ್ನು ವಾರ್ಸಾಕ್ಕೆ ತಂದ ದೊರೆ ಈತನೇ. 1644ರಲ್ಲಿ ಈ ಸ್ತಂಭವನ್ನು ನಿಲ್ಲಿಸಿದವನು ಆತನ ಮಗ. ಚೌಕದ ಪೂರ್ವದ ಅಂಚಿನಲ್ಲಿ ರಾಜರ ಅರಮನೆ ನಿಂತಿದೆ. ಯುರೋಪಿನ ಮೊದಲ ಆಧುನಿಕ ಲಿಖಿತ ಸಂವಿಧಾನವೆಂದು ಹೆಸರಾದ ಪೋಲಂಡಿನ ಸಂವಿಧಾನವು 1791ರ ಮೇ 3ರಂದು ಅಂಗೀಕಾರವಾದುದು ಈ ಅರಮನೆಯಲ್ಲಿಯೇ. ಅಲ್ಲಿಂದ ಕಿರಿದಾದ ಬೀದಿಗಳಲ್ಲಿ ಸಾಗಿದರೆ, ಒಂದಕ್ಕೊಂದು ಅಂಟಿಕೊಂಡ ಬಣ್ಣಬಣ್ಣದ ಮನೆಗಳಿಂದ ಸುತ್ತುವರಿದ ಹಳೆಯ ಪೇಟೆಯ ಚೌಕವು ಎದುರಾಗುತ್ತದೆ.

ಮೊದಲ ನೋಟಕ್ಕೆ ಇದೆಲ್ಲವೂ ಶತಮಾನಗಳಿಂದ ಅಲುಗದೆ ನಿಂತಿರುವಂತೆ ತೋರುತ್ತದೆ. ಆದರೆ ಅರಮನೆಯ ಪಕ್ಕದಲ್ಲಿ ಮಲಗಿಸಿಟ್ಟಿರುವ ಮುರಿದ ಕಲ್ಲುಕಂಬಗಳು ಬೇರೊಂದು ಕಥೆಯನ್ನು ಹೇಳುತ್ತವೆ. ಅವು ಸಿಗಿಸ್ಮಂಡನ ಪ್ರತಿಮೆಯನ್ನು ಹಿಂದೆ ಹೊತ್ತಿದ್ದ ಕಂಬಗಳು. ಅವುಗಳಲ್ಲೊಂದು 1944ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆಯ ಗುಂಡಿನೇಟಿಗೆ ಉರುಳಿತು. ಇಂದಿನ ಸ್ತಂಭವನ್ನು ನಿಲ್ಲಿಸಿದ್ದು 1949ರಲ್ಲಿ.

ಎರಡನೆಯ ಮಹಾಯುದ್ಧದಲ್ಲಿ ವಾರ್ಸಾ ಅನುಭವಿಸಿದಷ್ಟು ನಾಶವನ್ನು ಅನುಭವಿಸಿದ ರಾಜಧಾನಿಗಳು ವಿರಳ. ನಾತ್ಸಿ ಆಡಳಿತದ ವಿರುದ್ಧ 1944ರ ಆಗಸ್ಟ್ 1ರಂದು ನಗರದ ಜನರು ಬಂಡೆದ್ದರು. 63 ದಿನಗಳ ಹೋರಾಟವು ಸೋಲಿನಲ್ಲಿ ಮುಗಿಯಿತು. ಲಕ್ಷಕ್ಕೂ ಹೆಚ್ಚು ನಾಗರಿಕರು ಪ್ರಾಣ ಕಳೆದುಕೊಂಡರು. ಉಳಿದವರನ್ನು ಊರಿನಿಂದ ಹೊರಗಟ್ಟಲಾಯಿತು. ಆ ಬಳಿಕ ಜನರಿಲ್ಲದ ನಗರವನ್ನು ಬೀದಿ ಬೀದಿಯಾಗಿ ಸುಟ್ಟು, ಸಿಡಿಮದ್ದಿಟ್ಟು ಕೆಡವಲಾಯಿತು. 1945ರ ಜನವರಿಯಲ್ಲಿ ಯುದ್ಧವು ನಗರವನ್ನು ದಾಟಿಹೋದಾಗ ಹಳೆಯ ಪಟ್ಟಣದ ಶೇಕಡಾ 85ಕ್ಕಿಂತ ಹೆಚ್ಚು ಭಾಗ ನಾಶವಾಗಿತ್ತು.

ಕಟ್ಟಡಗಳು ಬಿದ್ದರೂ ಅವುಗಳ ಅಳತೆಗಳು ಉಳಿದಿದ್ದವು. ವಾರ್ಸಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಆಸ್ಕರ್ ಸೊಸ್ನೊವ್‌ಸ್ಕಿಯವರು ಪೋಲಂಡಿನ ವಾಸ್ತುಶಿಲ್ಪದ ಅಧ್ಯಯನ ವಿಭಾಗವನ್ನು ಯುದ್ಧಕ್ಕೆ ಬಹಳ ಮೊದಲೇ ಕಟ್ಟಿದ್ದರು. ಅಲ್ಲಿನ ವಿದ್ಯಾರ್ಥಿಗಳು ಹಳೆಯ ಮನೆಗಳ ಬಾಗಿಲು, ಕಿಟಕಿ, ಕಮಾನು, ಗೋಡೆಗಳನ್ನು ಅಳೆದು ನಕ್ಷೆಗಳನ್ನು ಬರೆಯುತ್ತಿದ್ದರು. ಅವರ ಪಾಲಿಗೆ ಅದು ಪಠ್ಯದ ಒಂದು ಭಾಗವಷ್ಟೇ ಆಗಿತ್ತು. 1939ರ ಮುತ್ತಿಗೆಯಲ್ಲಿ ಸೊಸ್ನೊವ್‌ಸ್ಕಿ ಗಾಯಗೊಂಡು ಮರಣಹೊಂದಿದರು. ಆದರೂ ಕೆಲಸವು ನಿಲ್ಲಲಿಲ್ಲ. ಶತ್ರುವಿನ ಆಳ್ವಿಕೆಯಲ್ಲಿ ಅದು ಗುಟ್ಟಾಗಿ ಮುಂದುವರಿಯಿತು. ಬಂಡಾಯವು ಸೋತ ಮೇಲೆ ಯಾನ್ ಜಾಖ್ವಾತೊವಿಚ್ ಮತ್ತು ಅವರ ಸಂಗಡಿಗರು ಆ ನಕ್ಷೆಗಳನ್ನು ಹಾಳುಬಿದ್ದ ನಗರದಿಂದ ಸಾಗಿಸಿ, ಪಿಯೊತ್ರ್ಕೂವ್ ಎಂಬ ಊರಿನ ಕ್ರೈಸ್ತ ಸನ್ಯಾಸಿಗಳ ಮಠವೊಂದರಲ್ಲಿ ಬಚ್ಚಿಟ್ಟರು. ಹೀಗೆ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಸಿದ್ಧಪಡಿಸಿದ ಕಡತಗಳನ್ನು ಮಠವು ಕಾಯ್ದುಕೊಟ್ಟಿತು.

1945ರಲ್ಲಿ ರಾಜಧಾನಿಯ ಪುನರ್ನಿರ್ಮಾಣ ಕಚೇರಿಯು ಸ್ಥಾಪನೆಯಾದಾಗ ಈ ನಕ್ಷೆಗಳೇ ಅದರ ಬಂಡವಾಳವಾದವು. ಇವುಗಳಿಗೆ ಮತ್ತೊಂದು ಆಸರೆಯೂ ದೊರೆಯಿತು. ಕೊನೆಯ ದೊರೆ ಸ್ತಾನಿಸ್ಲಾವ್ ಆಗಸ್ಟ್ ಪೊನಿಯಾತೊವ್‌ಸ್ಕಿಯ ಆಸ್ಥಾನದಲ್ಲಿದ್ದ ಇಟಲಿಯ ಚಿತ್ರಕಾರ ಬರ್ನಾರ್ಡೊ ಬೆಲ್ಲೊಟ್ಟೊ 1780ರಲ್ಲಿ ತೀರಿಕೊಳ್ಳುವವರೆಗೆ ವಾರ್ಸಾದ ಬೀದಿಗಳನ್ನು ಸೂಕ್ಷ್ಮವಾಗಿ ಚಿತ್ರಿಸಿದ್ದನು. ಅರಮನೆಯನ್ನು ಅಲಂಕರಿಸಲು ಬರೆದ ಆ ಚಿತ್ರಗಳು ಸುಮಾರು ಇನ್ನೂರು ವರ್ಷಗಳ ತರುವಾಯ ಮನೆಗಳನ್ನು ಕಟ್ಟುವವರಿಗೆ ಕೈದೀವಿಗೆಯಾದವು. 1953ರ ಜುಲೈ 22ರಂದು ಹಳೆಯ ಪೇಟೆಯ ಚೌಕವು ಜನರಿಗೆ ಮತ್ತೆ ತೆರೆಯಿತು.

ಅರಮನೆಯು ಮಾತ್ರ ಇನ್ನೂ ಬಹುಕಾಲ ಕಾಯಬೇಕಾಯಿತು. ಅದನ್ನು ಕಟ್ಟುವ ನಿರ್ಧಾರವಾದುದು 1971ರಲ್ಲಿ. ದೇಶದೊಳಗಿನವರೂ ಹೊರದೇಶಗಳಲ್ಲಿ ನೆಲೆಸಿದ್ದ ಪೋಲಂಡಿನ ಜನರೂ ಕೊಟ್ಟ ದೇಣಿಗೆಗಳಿಂದಲೇ ಆ ಕಾರ್ಯವು ಸಾಗಿತು. ಅರಮನೆಯ ಗೋಪುರದ ಗಡಿಯಾರವು 1939ರ ಸೆಪ್ಟೆಂಬರ್ 17ರಂದು ಬಾಂಬಿನ ಬೆಂಕಿಗೆ ಸಿಕ್ಕಿ 11 ಗಂಟೆ 15 ನಿಮಿಷಕ್ಕೆ ನಿಂತುಹೋಗಿತ್ತು. 1974ರ ಜುಲೈ 19ರಂದು ಹೊಸ ಗಡಿಯಾರವನ್ನು ಅದೇ ಹೊತ್ತಿಗೆ ನಡೆಯಿಸಲಾಯಿತು. 1984ರಲ್ಲಿ ಅರಮನೆಯ ಬಾಗಿಲು ಜನರಿಗೆ ತೆರೆಯಿತು. ಬೆಲ್ಲೊಟ್ಟೊ ಬರೆದ ನಗರದ ಚಿತ್ರಗಳನ್ನು ಈಗ ಅಲ್ಲಿಯೇ ಕಾಣಬಹುದು.

ಇಲ್ಲಿ ಒಂದು ಪ್ರಶ್ನೆಯೇಳುವುದು ಸಹಜ. ಹೊಸದಾಗಿ ಕಟ್ಟಿದುದು ಹಳೆಯದಾಗುವುದು ಹೇಗೆ? ವಾರ್ಸಾದ ಪುನರ್ನಿರ್ಮಾಣವು ಎಲ್ಲೆಡೆಯೂ ಪಡಿಯಚ್ಚಲ್ಲ. ಸಂತ ಜಾನ್ ಮಹಾದೇವಾಲಯಕ್ಕೆ ಯುದ್ಧಕ್ಕೆ ಮುಂಚೆ ಇದ್ದ ಮುಖವನ್ನು ಬಿಟ್ಟು, ಇನ್ನೂ ಪ್ರಾಚೀನವಾದ ಇಟ್ಟಿಗೆಯ ಶೈಲಿಯ ಮುಖವನ್ನು ಕೊಡಲಾಯಿತು. ರಾಜಧಾನಿಯನ್ನು ಕಟ್ಟಲು ವ್ರೊತ್ಸ್ವಾವ್ ಮುಂತಾದ ಪಶ್ಚಿಮದ ನಗರಗಳ ಕಟ್ಟಡಗಳನ್ನು ಕೆಡವಿ ಇಟ್ಟಿಗೆಗಳನ್ನು ತಂದುದೂ ಉಂಟು. ಒಂದು ಊರಿನ ಏಳಿಗೆಗೆ ಮತ್ತೊಂದು ಊರು ಬೆಲೆ ತೆತ್ತಿತು. ಹೀಗಿದ್ದರೂ 1980ರಲ್ಲಿ ಯುನೆಸ್ಕೊ ಹಳೆಯ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಮನ್ನಣೆ ಕೊಟ್ಟುದು ಕಲ್ಲುಗಳ ವಯಸ್ಸಿಗಲ್ಲ, ಮರಳಿ ಕಟ್ಟಿದ ಆ ಕಾರ್ಯಕ್ಕೆ.

ಆದರೆ ಎಲ್ಲವೂ ಮರಳಿ ಬರಲಿಲ್ಲ. ಯುದ್ಧಕ್ಕೆ ಮೊದಲು ವಾರ್ಸಾದ ಜನಸಂಖ್ಯೆಯಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿ ಯೆಹೂದ್ಯರಿದ್ದರು. ನಾತ್ಸಿಗಳು ಅವರನ್ನು ಗೋಡೆಯೊಳಗಿನ ಕೇರಿಯಲ್ಲಿ ಕೂಡಿಹಾಕಿ, ಬಹುಪಾಲು ಜನರನ್ನು ಕೊಂದರು. 1943ರಲ್ಲಿ ಆ ಕೇರಿಯವರು ಬಂಡೆದ್ದಾಗ ಅದನ್ನು ನೆಲಸಮ ಮಾಡಲಾಯಿತು. ಯುದ್ಧದ ನಂತರ ಆ ಅವಶೇಷಗಳ ಮೇಲೆಯೇ ಮುರಾನೂವ್ ಎಂಬ ಹೊಸ ಬಡಾವಣೆ ಎದ್ದಿತು. ಅಲ್ಲಿನ ಹಳೆಯ ಬೀದಿಗಳನ್ನು ಮೊದಲಿನಂತೆ ಕಟ್ಟಲಿಲ್ಲ. ಕಟ್ಟಿದ್ದರೂ ಅವುಗಳಲ್ಲಿ ಬಾಳಿದವರು ಹಿಂದಿರುಗುವಂತಿರಲಿಲ್ಲ. 1948ರಲ್ಲಿ ಸ್ಥಾಪಿತವಾದ ಸ್ಮಾರಕವೂ ಅದರೆದುರಿನ ಪೋಲಿನ್ ವಸ್ತುಸಂಗ್ರಹಾಲಯವೂ ಅವರ ನೆನಪನ್ನು ಉಳಿಸಿವೆ. ಹಳೆಯ ಪೇಟೆಯ ಚೌಕವನ್ನು ಕಂಡವನು ಮುರಾನೂವನ್ನೂ ಕಾಣದೆ ಹಿಂದಿರುಗಿದರೆ, ಕೋಶದ ಅರ್ಧ ಪುಟಗಳನ್ನು ಮಾತ್ರ ಓದಿದಂತಾಗುತ್ತದೆ.

ಪುನರ್ನಿರ್ಮಾಣ ಕಚೇರಿಯ ಕಡತಗಳು 2011ರಲ್ಲಿ ಯುನೆಸ್ಕೊದ ‘ವಿಶ್ವದ ಸ್ಮೃತಿ’ ದಾಖಲೆಗಳ ಸಾಲಿಗೆ ಸೇರಿದವು. ಕಿಟಕಿಯೊಂದರ ಅಗಲವನ್ನು ಅಳೆದು ಬರೆದುಕೊಂಡ ವಿದ್ಯಾರ್ಥಿಗೆ, ಮುಂದೆ ಆ ಅಂಕಿಯೊಂದೇ ಉಳಿದು ಕಿಟಕಿಯೇ ಇಲ್ಲವಾಗುವುದೆಂಬ ಅರಿವಿರಲಿಲ್ಲ. ತನ್ನ ಊರಿನ ಹಳೆಯ ಮಠ, ಗುಡಿ, ಬಾವಿ, ಚಾವಡಿಗಳ ಅಳತೆಯನ್ನೂ ಚರಿತ್ರೆಯನ್ನೂ ಮಕ್ಕಳಿಂದ ಬರೆಯಿಸಿಡುವುದು ಯಾವ ಶಾಲೆಗೂ ಅಸಾಧ್ಯವಲ್ಲ. ಅದಕ್ಕೆ ಬೇಕಾದುದು ಒಂದು ಅಳತೆಯ ಪಟ್ಟಿ, ಒಂದು ದಪ್ಪನೆಯ ಪುಸ್ತಕ ಮತ್ತು ಬರೆದುದನ್ನು ಜೋಪಾನವಾಗಿ ಕಾಯುವ ಕೈಗಳು.