ನೆಟ್ಟಿನ ಮಾತು ಗೊತ್ತಿದ್ದರೆ ವ್ಯಾಪಾರಕ್ಕೆ ಬಲ

ಇಳಕಲ್ ಸೀರೆ ಈಗ ವಾಟ್ಸ್‌ಆ್ಯಪ್‌ನಲ್ಲೇ ಊರೂರಿಗೆ ಹೋಗುತ್ತದೆ. ಬಾದಾಮಿಯಲ್ಲಿ ಲಾಡ್ಜಿನ ರೂಮು ಬುಕ್ ಮಾಡುವುದು, ಹುನಗುಂದದ ಗೊಬ್ಬರದ ಅಂಗಡಿಗೆ ದುಡ್ಡು ಕೊಡುವುದು, ಬಾಗಲಕೋಟೆ ನವನಗರದ ಹುಡುಗರ ಆನ್‌ಲೈನ್ ಪಾಠ ಎಲ್ಲಕ್ಕೂ ನೆಟ್ ಬೇಕು. ಆದರೂ ಕನೆಕ್ಷನ್ ಕೊಡಲು ಬಂದವರ ಮಾತು ತಿಳಿಯದೆ ನಮ್ಮವರು ಹೂಂಗುಟ್ಟಿ ದುಡ್ಡು ಕೊಡುವುದು ಕಂಡಾಗ ಸಂಕಟವಾಗುತ್ತದೆ. ಈ ಕೆಲವು ಮಾತುಗಳನ್ನಾದರೂ ತಿಳಿದುಕೊಳ್ಳಿ.

1. ಎಂಬಿಪಿಎಸ್ ಲೆಕ್ಕ ಹಾಕಿ. ಪ್ಲಾನಿನಲ್ಲಿ ಬರೆಯುವುದು ಮೆಗಾಬಿಟ್, ವಿಡಿಯೊ ಅಳೆಯುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಬರುತ್ತದೆ.

2. ಅಪ್‌ಲೋಡ್ ಎಷ್ಟು ಎಂದು ಕೇಳಿ. ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ಡೌನ್‌ಲೋಡ್ ವೇಗ. ಸೀರೆ ತೋರಿಸುವವರಿಗೆ ಬೇಕಾದದ್ದು ಕಳಿಸುವ ವೇಗ.

3. ಕಂಪ್ರೆಷನ್ ಬಗ್ಗೆ ಎಚ್ಚರವಿರಲಿ. ನನ್ನ ಮಟ್ಟಿಗೆ ನೇಕಾರರು ಮೊದಲು ಕಲಿಯಬೇಕಾದ ಪದ ಇದೇ. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ತೋಪು ತೆನೆಯ ಸೆರಗು, ಚಿಕ್ಕಿ ಪರಾಸ್ ದಡಿಯ ಸಣ್ಣ ಕೆಲಸ ಮಸುಕಾಗುತ್ತದೆ. ಅದೇ ಫೋಟೊವನ್ನು ಡಾಕ್ಯುಮೆಂಟ್ ಎಂದು ಕಳಿಸಿ, ಇದ್ದದ್ದು ಇದ್ದಂತೆ ತಲುಪುತ್ತದೆ. ಒಡಲಿನ ಹಾಸು ನೂಲಿಗೆ ಸೆರಗಿನ ಹಾಸು ನೂಲನ್ನು ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ಹತ್ತಿರದಿಂದ ತೆಗೆದು ತೋರಿಸಿ. ಕೈಮಗ್ಗದ ಬೆಲೆ ಕೇಳುವ ಧೈರ್ಯ ಬರುವುದು ಅಲ್ಲಿಂದಲೇ.

4. ರೂಟರ್ ಇಡುವ ಜಾಗ ನೋಡಿ. 2.4 ಗಿಗಾಹರ್ಟ್ಸ್ ವೈಫೈ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ಗೋಡೆ ದಾಟುವಾಗ ಸೋಲುತ್ತದೆ. ನಮ್ಮ ಕಡೆಯ ದಪ್ಪ ಕಲ್ಲಿನ ಗೋಡೆಯ ಮನೆಗಳಲ್ಲಿ ಪಡಸಾಲೆಯ ನಡುವೆ, ಎತ್ತರದಲ್ಲಿ ಇಡುವುದು ಒಳ್ಳೆಯದು. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲ, ಲೈನಿನಲ್ಲೇ ದೋಷವಿದೆ ಎಂದರ್ಥ. ಆಫ್-ಆನ್ ಮಾಡುತ್ತ ಕೂರದೆ ದೂರು ಕೊಡಿ.

5. ಡೊಮೈನ್, ಅಂದರೆ ವೆಬ್‌ಸೈಟಿನ ಹೆಸರು, ಓದಿ. ಯಂತ್ರಗಳಿಗೆ ಬೇಕಾದದ್ದು ಐಪಿ ಎಂಬ ಅಂಕಿ. ಹೆಸರನ್ನು ಆ ಅಂಕಿಗೆ ಬದಲಿಸುವುದು ಡಿಎನ್‌ಎಸ್. ಸೈಟು ನಿಜವೋ ನಕಲಿಯೋ ತಿಳಿಯಲು ಹೆಸರಿನ ಕೊನೆಯ ಭಾಗವನ್ನೇ ನೋಡಿ. ಸರ್ಕಾರದ್ದಾದರೆ ಸಾಮಾನ್ಯವಾಗಿ ಡಾಟ್ ಗವ್ ಡಾಟ್ ಇನ್. ಬ್ಯಾಂಕುಗಳು ಡಾಟ್ ಬ್ಯಾಂಕ್ ಡಾಟ್ ಇನ್ ಬಳಸಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಸೂಚಿಸಿತು.

6. ವೆಬ್ ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಕಂಡ ಮಾತ್ರಕ್ಕೆ ನಂಬಬೇಡಿ. ನೀವು ಕಳಿಸಿದ್ದನ್ನು ದಾರಿಯಲ್ಲಿ ಯಾರೂ ಓದಲಾರರು ಎಂಬುದಷ್ಟೇ ಅದರ ಭರವಸೆ. ಆ ತುದಿಯಲ್ಲಿ ಕೂತವನು ಕಳ್ಳನೂ ಆಗಿರಬಹುದು.

7. ದುಡ್ಡು ಪಡೆಯಲು ಯುಪಿಐ ಪಿನ್ ಬೇಡ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. “ಅಡ್ವಾನ್ಸ್ ಹಾಕ್ತೀನಿ, ಪಿನ್ ಒತ್ರಿ” ಎಂದರೆ ಫೋನ್ ಇಡಿ. ಹಣ ಹೋಗಿಯೇ ಬಿಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.