ಹೆಡ್‌ಲೈಟಿನೊಳಗೆ ಮಂಜು ಕಟ್ಟಿದರೆ: ದಿಲ್ಲಿ ಚಾಲಕರಿಗೆ ಹನ್ನೊಂದು ಸೂತ್ರಗಳು

ಡಿಸೆಂಬರ್ ಕೊನೆಯ ವಾರ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕವೋ ಸಂಗೀತವೋ ಮುಗಿಸಿ, ರಾತ್ರಿ ನೊಯ್ಡಾಕ್ಕೋ ಗುರುಗ್ರಾಮಕ್ಕೋ ಹೊರಟವರಿಗೆ ಹೊರಗಿನ ಮಂಜಿನ ಕಾಟವೇ ಸಾಕು. 50 ಮೀಟರಿನಾಚೆ ಏನೂ ಕಾಣದಿದ್ದರೆ ಹವಾಮಾನ ಇಲಾಖೆ ಅದನ್ನು ‘ಅತಿ ದಟ್ಟ ಮಂಜು’ ಎಂದು ಕರೆಯುತ್ತದೆ. ಅಂಥ ಹೊತ್ತಿನಲ್ಲಿ ಹೆಡ್‌ಲೈಟಿನ ಒಳಗೂ ತೇವ ಕಟ್ಟಿದರೆ ಬೆಳಕು ರಸ್ತೆಗೆ ಬೀಳದೆ ಚದುರಿಹೋಗುತ್ತದೆ, ಎದುರು ಬರುವವರ ಕಣ್ಣಿಗೆ ಚುಚ್ಚುತ್ತದೆ. ಇದನ್ನು ಕಂಡು ಗಾಬರಿಯಾಗಿ ಸುತ್ತಲೂ ಸಿಲಿಕೋನ್ ಮೆತ್ತಿಸುವವರು ಕೆಲವರು. ‘ಬಿಸಿಲು ಬಂದರೆ ಹೋಗುತ್ತೆ ಬಿಡು’ ಎಂದು ವರ್ಷಗಟ್ಟಲೆ ತಳ್ಳುವವರು ಇನ್ನು ಕೆಲವರು. ಇಬ್ಬರಿಗೂ ಖರ್ಚು ತಪ್ಪಿದ್ದಲ್ಲ. ಹೆಡ್‌ಲೈಟಿಗೆ ಗಾಳಿ ಬೇಕು, ನೀರು ಬೇಡ. ಇಷ್ಟು ತಿಳಿದರೆ ಉಳಿದದ್ದು ಸಲೀಸು.

1. ದೀಪ ಉಸಿರಾಡುತ್ತದೆ ಎಂಬುದನ್ನು ಒಪ್ಪಿಕೊಳ್ಳಿ

ಹೆಡ್‌ಲೈಟ್ ಗಾಳಿಯಾಡದ ಡಬ್ಬಿಯಲ್ಲ. ಉರಿಯುವಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗಬೇಕು, ಆರಿದಾಗ ಹೊರಗಿನ ಗಾಳಿ ಒಳಬರಬೇಕು. ಅದಕ್ಕೆಂದೇ ಹಿಂಬದಿಯಲ್ಲಿ ಬ್ರೀದರ್ ಇರುತ್ತದೆ. ಕೆಲವು ಕಾರುಗಳಲ್ಲಿ ಅದು ಬಾಗಿದ ರಬ್ಬರ್ ಕೊಳವೆ, ಕೆಲವದರಲ್ಲಿ ಆವಿಯನ್ನು ಬಿಟ್ಟು ನೀರನ್ನು ತಡೆಯುವ ತೆಳು ಪೊರೆ. ಗಾಳಿಯ ಜೊತೆ ತೇವವೂ ಒಳಬರುತ್ತದೆ. 25 ಡಿಗ್ರಿ ಬಿಸಿಯಿರುವ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿ ಹೊರಬಲ್ಲದು. 5 ಡಿಗ್ರಿಗೆ ಇಳಿದರೆ 7 ಗ್ರಾಂ ಕೂಡ ಹೊರಲಾರದು. ಹೆಚ್ಚಾದ ನೀರು ಎಲ್ಲಕ್ಕಿಂತ ತಣ್ಣಗಿರುವ ಜಾಗಕ್ಕೆ, ಅಂದರೆ ಮುಂದಿನ ಲೆನ್ಸಿನ ಒಳಮೈಗೆ ಅಂಟುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದೊಳಗೆ ಹನಿ ಕಟ್ಟುವ ಹಾಗೆಯೇ ಇದು.

2. ತೇವವೋ ನೀರೋ, ಗುರುತು ಹಿಡಿಯಿರಿ

ಮೊದಲು ಹೊರಗಿನಿಂದ ಬಟ್ಟೆಯಲ್ಲಿ ಒರೆಸಿ. ಹೋದರೆ ಅದು ಬರೀ ಇಬ್ಬನಿ. ಹೋಗದೆ ಹಳದಿಯಾಗಿ ಮಸುಕಾಗಿಯೇ ಉಳಿದರೆ ಬಿಸಿಲಿಗೆ ಲೆನ್ಸಿನ ಪ್ಲಾಸ್ಟಿಕ್ ಹಾಳಾಗಿದೆ, ಅದಕ್ಕೆ ಪಾಲಿಶ್ ಬೇಕು. ಒಳಗಿನದೇ ಆದರೆ ಇನ್ನಷ್ಟು ಹತ್ತಿರದಿಂದ ನೋಡಿ. ಫೋರ್ಡ್ ಕಾರುಗಳ ಕೈಪಿಡಿಯಲ್ಲಿ ಇದಕ್ಕೊಂದು ಒಳ್ಳೆಯ ಅಳತೆಗೋಲಿದೆ. ಲೆನ್ಸಿನ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಸಣ್ಣ ಆವಿ ಕಟ್ಟಿದ್ದರೆ ಅದು ಸಹಜ. ಒಣ ಹವೆಯಲ್ಲಿ ಆರಲು 48 ಗಂಟೆವರೆಗೆ ಹಿಡಿಯಬಹುದು. ದಪ್ಪ ಹನಿ, ಇಳಿದ ಗೆರೆ, ತಳದಲ್ಲಿ ನಿಂತ ನೀರು ಕಂಡರೆ ಸಹಜವಲ್ಲ. ಬೇರೆ ಕಂಪನಿಯ ಕಾರಿಗೂ ಈ ಅಳತೆಗೋಲು ಸಾಕು.

3. ಎಡ ಬಲ ಹೋಲಿಸಿ

ಬೆಳಗ್ಗೆ ಕಾರು ತೆಗೆಯುವ ಮೊದಲು ಎರಡೂ ದೀಪಗಳನ್ನು ನೋಡಿ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸಮ ತೇವವಿದ್ದರೆ ಅದು ಹವೆಯ ಕೆಲಸ, ತಲೆ ಕೆಡಿಸಿಕೊಳ್ಳಬೇಡಿ. ಒಂದು ಸ್ವಚ್ಛವಾಗಿದ್ದು ಇನ್ನೊಂದು ಮಾತ್ರ ಮಬ್ಬಾಗಿದ್ದರೆ ಆ ಕಡೆ ಎಲ್ಲೋ ಸೋರುತ್ತಿದೆ. ಯಾವ ಉಪಕರಣವೂ ಬೇಡದ, ಬಿಟ್ಟಿ ಪರೀಕ್ಷೆ ಇದು.

4. ಮೊದಲ ಅನುಮಾನ ಹಿಂದಿನ ಮುಚ್ಚಳದ ಮೇಲಿರಲಿ

ಬಾನೆಟ್ ಎತ್ತಿ ಹೆಡ್‌ಲೈಟಿನ ಹಿಂದೆ ಕೈ ಹಾಕಿ. ಬಲ್ಬಿನ ಹಿಂದೆ ಕಪ್ಪು ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಒಂದು ಡಸ್ಟ್ ಕ್ಯಾಪ್ ಸಿಗುತ್ತದೆ. ಅದರ ಅಂಚಿನ ಸುತ್ತ ಬೆರಳಾಡಿಸಿ. ಬಲ್ಬ್ ಬದಲಿಸಿದವರು ಅವಸರದಲ್ಲಿ ಅಂಚನ್ನು ಮಡಚಿಯೇ ಬಿಟ್ಟಿರುವುದು, ಕ್ಲಿಪ್ಪು ಕೂರಿಸದಿರುವುದು, ಕೆಲವೊಮ್ಮೆ ಕ್ಯಾಪನ್ನೇ ಮರೆತುಬಿಟ್ಟಿರುವುದು ತೀರ ಸಾಮಾನ್ಯ. ರಬ್ಬರ್ ಮೆತ್ತಗಿರದೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದು ದಿಲ್ಲಿಯ ಮೇ ತಿಂಗಳ 45 ಡಿಗ್ರಿಯ ಕೊಡುಗೆ. ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಪುಡಿ ಕೂತಿದ್ದರೆ ನೀರು ಬಹಳ ದಿನದಿಂದ ಬರುತ್ತಿದೆ ಎಂದು ಅರ್ಥ. ಹೊಸ ಕ್ಯಾಪು ಇಡೀ ದೀಪದ ಬೆಲೆಯ ಮುಂದೆ ಏನೇನೂ ಅಲ್ಲ.

5. ಬ್ರೀದರ್ ಕಟ್ಟಿಕೊಂಡಿದೆಯೇ ನೋಡಿ

ಬೇಸಿಗೆಯ ಧೂಳು ಬಿರುಗಾಳಿ, ಕಟ್ಟಡ ಕೆಲಸದ ಪುಡಿ, ಜೇಡರ ಬಲೆ ಎಲ್ಲವೂ ಆ ಸಣ್ಣ ಕಿಂಡಿಯನ್ನೇ ಹುಡುಕಿಕೊಂಡು ಬರುತ್ತವೆ. ಕೊಳವೆಯಾದರೆ ಕಳಚಿ, ತೊಳೆದು, ಒಣಗಿಸಿ, ಬಾಯಿ ಕೆಳಮುಖವಾಗಿರುವಂತೆ ಮತ್ತೆ ಹಾಕಿ. ಪೊರೆಯಾದರೆ ಉಜ್ಜಬೇಡಿ, ಚುಚ್ಚಬೇಡಿ. ಮೇಲಿನ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ, ಹರಿದಿದ್ದರೆ ಬದಲಿಸಿ.

6. ಒಣಗಿಸಲು ಬಿಸಿಲು ಸಾಕು, ಬೆಂಕಿ ಬೇಡ

ಸಣ್ಣ ತೇವಕ್ಕೆ ಲೋ ಬೀಮ್ ಹಾಕಿಕೊಂಡು ಅರ್ಧ ಗಂಟೆ ಓಡಿಸಿದರೆ ಆಯಿತು. ಹ್ಯಾಲೊಜೆನ್ ಬಲ್ಬಿನ ಶಾಖ ಲೆನ್ಸನ್ನು ಬೇಗ ಬೆಚ್ಚಗಾಗಿಸುತ್ತದೆ. ಎಲ್‌ಇಡಿಯ ಶಾಖ ಹೆಚ್ಚಾಗಿ ಹಿಂದಿನ ಹೀಟ್ ಸಿಂಕ್ ಕಡೆಗೆ ಹೋಗುವುದರಿಂದ ಹೊಸ ಕಾರುಗಳಲ್ಲಿ ತೇವ ಆರಲು ಹೊತ್ತು ಹಿಡಿಯುತ್ತದೆ. ಅದನ್ನೇ ದೋಷವೆಂದು ತಿಳಿಯಬೇಡಿ. ತೇವ ಹೆಚ್ಚಿದ್ದರೆ ಒಣ ಮಧ್ಯಾಹ್ನವೊಂದರಲ್ಲಿ ದೀಪ ಆರಿಸಿ, ಹಿಂದಿನ ಕ್ಯಾಪ್ ತೆಗೆದು, ಕಾರಿನ ಮೂತಿಯನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿ. ಹೀಟ್ ಗನ್ ಹತ್ತಿರ ತರಬೇಡಿ, ಲೆನ್ಸ್ ಸೊಟ್ಟಗಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣವನ್ನು ಒಳಗೆ ಬಿಟ್ಟು ಮರೆಯುವುದೂ ಅಪಾಯವೇ. ಅದು ಬಿಸಿ ಬಲ್ಬಿಗೆ ತಾಗಬಾರದು, ಸೋರಿಕೆಗೆ ಅದು ಮದ್ದೂ ಅಲ್ಲ.

7. ಕಂಡಕಂಡಲ್ಲಿ ಸಿಲಿಕೋನ್ ಮೆತ್ತಿಸಬೇಡಿ

ಕಶ್ಮೀರಿ ಗೇಟ್‌ನ ಬಿಡಿಭಾಗದ ಮಾರುಕಟ್ಟೆಯಲ್ಲಾಗಲಿ ಕರೋಲ್ ಬಾಗಿನ ಗಲ್ಲಿಯಲ್ಲಾಗಲಿ ‘ಸೀಲ್ ಕರ್ ದೇಂಗೆ ಸಾಬ್’ ಎನ್ನುವವರು ಬೇಕಾದಷ್ಟು ಸಿಗುತ್ತಾರೆ. ಒಳಗೆ ತೇವವಿರುವಾಗಲೇ ಸುತ್ತಲೂ ಮುಚ್ಚಿದರೆ ಆ ನೀರು ಅಲ್ಲೇ ಸೆರೆಯಾಗುತ್ತದೆ. ಬ್ರೀದರ್ ಮೇಲೂ ಮೆತ್ತಿದರೆ ದೀಪದ ಉಸಿರೇ ನಿಂತಂತೆ. ವಿನೆಗರಿನಂಥ ಹುಳಿ ವಾಸನೆಯ ಸಿಲಿಕೋನ್ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ನೀರು ಹೋಗಲೆಂದು ತಳಕ್ಕೆ ತೂತು ಕೊರೆಯುವುದು ಇನ್ನೊಂದು ಅವಾಂತರ: ಹೋಗುವ ದಾರಿಯೇ ಬರುವ ದಾರಿಯೂ ಆಗುತ್ತದೆ. ಲೆನ್ಸಿನ ಅಂಚು ನಿಜಕ್ಕೂ ಬಿಟ್ಟುಕೊಂಡಿದ್ದರೆ ದೀಪವನ್ನು ಪೂರ್ತಿ ಒಣಗಿಸಿ, ಹಳೆಯ ಅಂಟು ಕೆರೆದು, ಬ್ಯುಟೈಲ್ ಸೀಲಂಟ್ ಹಾಕುವ ಕೈಗೇ ಕೊಡಿ. ಬ್ರೀದರ್ ತೆರೆದೇ ಇರಲಿ ಎಂದು ಎದುರು ನಿಂತು ಹೇಳಿ.

8. ಅಂಡರ್‌ಪಾಸಿನ ನೀರಿಗೆ ಇಳಿಯಬೇಡಿ

2024ರ ಜೂನ್ 28ರ ಬೆಳಗ್ಗೆ ಮುಗಿದ 24 ಗಂಟೆಗಳಲ್ಲಿ ಸಫ್ದರ್‌ಜಂಗ್‌ನಲ್ಲಿ 228.1 ಮಿಲಿಮೀಟರ್ ಮಳೆ ಸುರಿಯಿತು. ಅಂಥ ದಿನಗಳಲ್ಲಿ ಮಿಂಟೊ ಬ್ರಿಜ್ ಕೆಳಗಿನ ನೀರಿಗೆ ಇಳಿದರೆ ಎಂಜಿನ್ ಮಾತ್ರವಲ್ಲ, ದೀಪವೂ ಕುಡಿಯುತ್ತದೆ. ಕಾರಣ ಸರಳ: ಉರಿಯುತ್ತಿರುವ ದೀಪ ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ, ಕಿಂಡಿ ಸಂದುಗಳಿಂದ ನೀರನ್ನು ಎಳೆದುಕೊಳ್ಳುತ್ತದೆ. ಕೆಳಗಿರುವ ಫಾಗ್ ಲ್ಯಾಂಪುಗಳು ಮೊದಲ ಬಲಿ. ಐದು ಕಿಲೋಮೀಟರ್ ಸುತ್ತು ಹಾಕುವುದೇ ಅಗ್ಗ.

9. ತೊಳೆಯುವವರಿಗೆ ಒಂದು ಮಾತು ಹೇಳಿಡಿ

ಸೊಸೈಟಿಯಲ್ಲಿ ದಿನಾ ಬೆಳಗ್ಗೆ ಕಾರು ಒರೆಸುವವರಿಗೆ ದೀಪಕ್ಕೆ ಬಕೆಟ್ ನೀರು ಎರಚದೆ ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ವಾಶಿಂಗ್ ಸೆಂಟರಿನ ಪ್ರೆಶರ್ ಪೈಪು ದೀಪದ ಸಂದಿಗೂ ಬಾನೆಟ್ಟಿನ ಒಳಗೂ ನೇರವಾಗಿ ಹೊಡೆಯಬಾರದು. ದೂರದಿಂದ ಬಂದ ಕೂಡಲೇ ಬಿಸಿ ದೀಪಕ್ಕೆ ತಣ್ಣೀರು ಹಾಕಿಸಬೇಡಿ. ಒದ್ದೆ ಕಾರಿಗೆ ಕವರ್ ಹೊದಿಸಬೇಡಿ.

10. ಬಲ್ಬಿನ ಆಸೆಗೆ ಕ್ಯಾಪ್ ಕತ್ತರಿಸಬೇಡಿ

ಸಾಮಾನ್ಯ ಎಚ್4 ಬಲ್ಬು 60/55 ವಾಟಿನದು. ಮಂಜಿನಲ್ಲಿ ಚೆನ್ನಾಗಿ ಕಾಣಲಿ ಎಂದು 100/90 ವಾಟ್ ಹಾಕಿಸಿದರೆ ಹೋಲ್ಡರ್ ಕರಗುತ್ತದೆ, ವೈರು ಸುಡುತ್ತದೆ. ಹಿಂದೆ ಫ್ಯಾನ್ ಇರುವ ಎಲ್‌ಇಡಿ ಬಲ್ಬು ಕೂರಿಸಲು ಕ್ಯಾಪನ್ನೇ ಕತ್ತರಿಸುವವರಿದ್ದಾರೆ. ಆ ತೂತಿನಿಂದ ಧೂಳೂ ನೀರೂ ನೇರ ಒಳಕ್ಕೆ. ಹೇಗಿದ್ದರೂ ಜೋರು ಬೆಳಕು ಮಂಜಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ಮಂಜಿನಲ್ಲಿ ಲೋ ಬೀಮೇ ಸರಿ.

11. ಕ್ಯಾಲೆಂಡರಿನಲ್ಲಿ ಮೂರು ಗುರುತು ಹಾಕಿ

ದಿಲ್ಲಿಯ ಬೇಸಿಗೆ ರಬ್ಬರನ್ನು ಒಣಗಿಸುತ್ತದೆ, ಮಳೆಗಾಲ ನೀರು ತುಂಬುತ್ತದೆ, ಚಳಿಗಾಲ ಅದನ್ನು ತೋರಿಸುತ್ತದೆ. ಜನವರಿಯಲ್ಲಿ ಕಾಣುವ ರೋಗಕ್ಕೆ ಮದ್ದು ಜೂನಿನಲ್ಲೇ ಆಗಬೇಕು. ಮುಂಗಾರು ದಿಲ್ಲಿ ಮುಟ್ಟುವ ವಾಡಿಕೆಯ ದಿನ ಜೂನ್ 27. ಅದಕ್ಕೂ ಮೊದಲು ಕ್ಯಾಪು, ಗ್ಯಾಸ್ಕೆಟ್ಟು, ಬ್ರೀದರ್ ನೋಡಿ. ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಹಿಂತಿರುಗಿದ ಮೇಲೆ ಒಳಗೆ ನೀರು ಉಳಿದಿದೆಯೇ ನೋಡಿ. ವಾರಂಟಿಯಿದ್ದರೆ ನಿಂತ ನೀರಿನ ಫೋಟೊ ತೆಗೆದು ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ಬರೆಸಿ. ಅದಕ್ಕೂ ಮುಂಚೆ ಹೊರಗಿನವರಿಂದ ದೀಪ ಬಿಚ್ಚಿಸಬೇಡಿ. ಮೂರನೆಯ ಗುರುತು ಡಿಸೆಂಬರ್ ಮೊದಲ ವಾರಕ್ಕೆ. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಮಂಜಿನ ಕಾರಣಕ್ಕೆ ಕಾರುಗಳ ವೇಗಮಿತಿಯನ್ನು 100ರಿಂದ 75 ಕಿಲೋಮೀಟರಿಗೆ ಇಳಿಸುವುದು ಸಾಮಾನ್ಯವಾಗಿ ಡಿಸೆಂಬರ್ 15ರ ಹೊತ್ತಿಗೆ. ಅಷ್ಟರೊಳಗೆ ಒಂದು ಸಂಜೆ ಪಾರ್ಕಿಂಗಿನ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ಎರಡೂ ಕಡೆ ಗೆರೆ ಎಳೆದಂತೆ ಸ್ಪಷ್ಟವಾಗಿದ್ದರೆ ಆಗ್ರಾಕ್ಕೆ ಹೊರಡಬಹುದು. ಒಂದು ಕಡೆ ಕಲಸಿದಂತಿದ್ದರೆ ಮೊದಲು ನಾಲ್ಕನೆಯ ಸೂತ್ರ, ಆಮೇಲೆ ಪ್ರಯಾಣ.