ತಾನೇ ಹಾರುವ ಪುಟ್ಟ ವಿಮಾನ: ಹೊಸಬರಿಗೆ ಎಂಟು ಹಂತ

ಶೇಂಗಾ ಕಿತ್ತು, ಮೆಕ್ಕೆಜೋಳ ಮುರಿದ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಒಣಬೇಸಾಯದ ಹೊಲಗಳು ಮುಂದಿನ ಮಳೆಗಾಲದವರೆಗೆ ಖಾಲಿ ಬಿದ್ದಿರುತ್ತವೆ. ಪುಟ್ಟ ವಿಮಾನ ಹಾರಿಸುವುದನ್ನು ಕಲಿಯಲು ಇಂಥ ಬಯಲು ಬೆಂಗಳೂರಿನ ಹುಡುಗರಿಗೆ ಸುಲಭಕ್ಕೆ ಸಿಗುವುದಿಲ್ಲ. ವಿಮಾನ ತಾನೇ ಹಾರುವಂತೆ ಮಾಡುವ ತಂತ್ರಾಂಶವೂ ಪುಕ್ಕಟೆ. ಆರ್ಡುಪೈಲಟ್, ಪಿಎಕ್ಸ್4 ಎರಡರ ಮೂಲ ಕೋಡ್ ಕೂಡ ಎಲ್ಲರಿಗೂ ಮುಕ್ತ. ಇಲ್ಲಿ ಆರ್ಡುಪೈಲಟ್ ಹಿಡಿದು ಹೊರಡೋಣ.

1. ದುಡ್ಡು ಬಿಚ್ಚುವ ಮೊದಲು ಕಂಪ್ಯೂಟರಿನಲ್ಲಿ ಹಾರಿಸಿ
ವಿಂಡೋಸ್ ಲ್ಯಾಪ್‌ಟಾಪ್‌ಗೆ ‘ಮಿಷನ್ ಪ್ಲಾನರ್’ ಇಳಿಸಿಕೊಳ್ಳಿ. ಅದರ ಸಿಮ್ಯುಲೇಶನ್ ಪುಟದಲ್ಲಿ ‘ಪ್ಲೇನ್’ ಆರಿಸಿ, ನಕ್ಷೆಯಲ್ಲಿ ಹೋಮ್ ಗುರುತನ್ನು ನಿಮ್ಮೂರಿನ ಬಯಲಿಗೆ ಎಳೆದು ತನ್ನಿ. ನಾಲ್ಕು ಬಿಂದು ಇಟ್ಟು ದಾರಿ ಬರೆದು, ವಿಮಾನ ಅದರ ಮೇಲೆ ಹೇಗೆ ಹೋಗುತ್ತದೆ ನೋಡಿ. ಇಲ್ಲಿ ಬಿದ್ದರೆ ನಷ್ಟವಿಲ್ಲ.

2. ವಿಮಾನ ಆರಿಸಿ
ನಾಲ್ಕು ಫ್ಯಾನಿನ ಡ್ರೋನ್ ಗಾಳಿಯಲ್ಲಿ ನಿಲ್ಲುವುದಕ್ಕೇ ಬ್ಯಾಟರಿ ಖಾಲಿ ಮಾಡುತ್ತದೆ. ರೆಕ್ಕೆಯ ವಿಮಾನ ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು, ಹೆಚ್ಚು ದೂರ ಹೋಗುತ್ತದೆ. ಹೊಸಬರಿಗೆ ಒಗ್ಗುವುದು ಸುಮಾರು 1.4 ಮೀಟರ್ ರೆಕ್ಕೆಯ ಫೋಮ್ ವಿಮಾನ. ರೆಕ್ಕೆ ಮೇಲಿರಲಿ, ಪ್ರೊಪೆಲ್ಲರ್ ಹಿಂದಿರಲಿ. ಮೂಗು ನೆಲಕ್ಕೆ ಬಡಿದರೂ ಪ್ರೊಪೆಲ್ಲರ್ ಉಳಿಯುತ್ತದೆ. ಒಟ್ಟು ತೂಕ 2 ಕಿಲೋ ದಾಟದಿರಲಿ. ಕಾರಣ 6ನೇ ಹಂತದಲ್ಲಿದೆ.

3. ಸಾಮಾನು ಜೋಡಿಸಿ
ಪಿಕ್ಸ್‌ಹಾಕ್ ಮಾದರಿಯ ಫ್ಲೈಟ್ ಕಂಟ್ರೋಲರ್, ದಿಕ್ಸೂಚಿ ಇರುವ ಜಿಪಿಎಸ್, ಮೋಟರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ಸರ್ವೊಗಳು, 3 ಸೆಲ್‌ನ ಲಿಪೊ ಬ್ಯಾಟರಿ, 2.4 ಗಿಗಾಹರ್ಟ್ಸ್ ರಿಮೋಟ್ ಮತ್ತು ರಿಸೀವರ್ ಬೇಕು. ವಿಮಾನದ ಮಾಹಿತಿಯನ್ನು ನೆಲಕ್ಕೆ ಕಳಿಸುವ ಟೆಲಿಮೆಟ್ರಿ ರೇಡಿಯೊ ಕೊಳ್ಳುವುದಾದರೆ ನಮ್ಮಲ್ಲಿ ಪರವಾನಗಿ ಬೇಡದ 865–867 ಮೆಗಾಹರ್ಟ್ಸ್‌ನದನ್ನೇ ಕೇಳಿ. ಅಮೆರಿಕದ 915 ಇಲ್ಲಿಗೆ ಬೇಡ.

ಕಂಟ್ರೋಲರಿನ ಬಾಣ ಮೂಗಿನ ಕಡೆಗಿರಲಿ. ಬ್ಯಾಟರಿಯನ್ನು ಹಿಂದೆಮುಂದೆ ಸರಿಸಿ ತೂಕ ಹೊಂದಿಸಿ: ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಸುಮಾರು ಕಾಲು ಭಾಗದಲ್ಲಿ ಎರಡೂ ಕಡೆ ಬೆರಳು ಕೊಟ್ಟು ಎತ್ತಿದಾಗ ವಿಮಾನ ಮಟ್ಟವಾಗಿ, ಇಲ್ಲವೇ ಮೂಗು ತುಸು ಬಾಗಿ ನಿಲ್ಲಬೇಕು. ಬಾಲ ಭಾರವಾದ ವಿಮಾನವನ್ನು ಯಾವ ತಂತ್ರಾಂಶವೂ ಉಳಿಸುವುದಿಲ್ಲ.

4. ತಂತ್ರಾಂಶ ಹಾಕಿ, ಕ್ಯಾಲಿಬ್ರೇಟ್ ಮಾಡಿ
ಪ್ರೊಪೆಲ್ಲರ್ ಬಿಚ್ಚಿಡಿ. ಕಂಟ್ರೋಲರ್‌ಗೆ ‘ಪ್ಲೇನ್’ ಫರ್ಮ್‌ವೇರ್ ತುಂಬಿ. ಆಕ್ಸೆಲೆರೋಮೀಟರ್‌ಗಾಗಿ ಮಟ್ಟ, ಎಡಮಗ್ಗುಲು, ಬಲಮಗ್ಗುಲು, ಮೂಗು ಕೆಳಗೆ, ಮೂಗು ಮೇಲೆ, ಬೋರಲು ಎಂದು ಆರು ಭಂಗಿಯಲ್ಲಿ ಹಿಡಿಯಬೇಕು. ದಿಕ್ಸೂಚಿಯ ಸರದಿ ಬಂದಾಗ ಟ್ರ್ಯಾಕ್ಟರ್, ಬೈಕು, ತಗಡಿನ ಶೆಡ್ಡುಗಳಿಂದ ದೂರ ಹೋಗಿ ಎಲ್ಲ ದಿಕ್ಕಿಗೂ ತಿರುಗಿಸಿ. ರಿಮೋಟಿನ ಸ್ವಿಚ್ಚಿಗೆ ಮೂರು ಮೋಡ್ ಕೊಡಿ: ಮ್ಯಾನುಯಲ್, ವಿಮಾನವನ್ನು ತಾನೇ ಮಟ್ಟವಾಗಿಡುವ ಎಫ್‌ಬಿಡಬ್ಲ್ಯುಎ, ಮತ್ತು ಮನೆಗೆ ಮರಳುವ ಆರ್‌ಟಿಎಲ್.

5. ನೆಲದ ಮೇಲೇ ಪರೀಕ್ಷಿಸಿ
ಮ್ಯಾನುಯಲ್‌ನಲ್ಲಿ ಕಡ್ಡಿ ಬಲಕ್ಕೆ ತಳ್ಳಿದರೆ ಬಲರೆಕ್ಕೆಯ ಹಿಂದಂಚಿನ ಪಟ್ಟಿ, ಅಂದರೆ ಐಲೆರಾನ್, ಮೇಲೇಳಬೇಕು. ಆಮೇಲೆ ಎಫ್‌ಬಿಡಬ್ಲ್ಯುಎಗೆ ಹಾಕಿ, ವಿಮಾನವನ್ನೇ ಕೈಯಲ್ಲಿ ಬಲಕ್ಕೆ ವಾಲಿಸಿ. ಈಗ ಬಲ ಐಲೆರಾನ್ ಕೆಳಗಿಳಿಯಬೇಕು. ಇಳಿದ ರೆಕ್ಕೆಯನ್ನು ಎತ್ತಲು ಯಂತ್ರ ಹೂಡುವ ಪ್ರಯತ್ನ ಅದು. ಮೂಗು ಎತ್ತಿದರೆ ಬಾಲದ ಪಟ್ಟಿ, ಅಂದರೆ ಎಲಿವೇಟರ್, ಕೆಳಗಿಳಿಯಬೇಕು. ಒಂದು ಉಲ್ಟಾ ಇದ್ದರೂ ವಿಮಾನ ಕೈಬಿಟ್ಟ ಕೂಡಲೇ ನೆಲಕ್ಕೆ ಬೀಳುತ್ತದೆ. ಕೊನೆಗೆ ರಿಮೋಟ್ ಆಫ್ ಮಾಡಿ, ಮೋಡ್ ತಾನಾಗಿಯೇ ಬದಲಾಗುತ್ತದೆಯೇ ಎಂದು ಪರದೆಯಲ್ಲಿ ಖಚಿತ ಮಾಡಿಕೊಳ್ಳಿ.

6. ಕಾನೂನು ತಿಳಿಯಿರಿ
2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿ 2 ಕಿಲೋವರೆಗಿನದು ‘ಮೈಕ್ರೊ’. ದುಡಿಮೆಗಲ್ಲದೆ ಹಾರಿಸಿದರೆ ಇದಕ್ಕೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ನೋಂದಣಿ ಸಂಖ್ಯೆ ಪಡೆಯಬೇಕು, ಥರ್ಡ್ ಪಾರ್ಟಿ ವಿಮೆ ಮಾಡಿಸಬೇಕು. ಹಸಿರು ವಲಯದಲ್ಲಿ 120 ಮೀಟರ್ (400 ಅಡಿ) ಎತ್ತರದವರೆಗೆ ಮುನ್ನನುಮತಿ ಬೇಕಿಲ್ಲ. ನಿಮ್ಮ ಜಾಗ ಯಾವ ವಲಯದಲ್ಲಿದೆ ಎಂಬುದನ್ನು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಪ್ರತಿ ಸಲವೂ ನೋಡಿ. ವಿಮಾನ ಕಣ್ಣಳತೆ ದಾಟದಿರಲಿ.

7. ಜಾಗ, ಹೊತ್ತು ಗೊತ್ತು ಮಾಡಿ
ಈ ಸೀಮೆಯಲ್ಲಿ ಹೆಚ್ಚು ಯೋಚಿಸಬೇಕಾದದ್ದು ಇಲ್ಲೇ. ಆರ್‌ಟಿಎಲ್ ಅಂದರೆ ವಿಮಾನ ಹೊರಟ ಜಾಗಕ್ಕೆ ಸೀದಾ ಗೆರೆಯಲ್ಲಿ ಮರಳುತ್ತದೆ. ಅದರ ಎತ್ತರವನ್ನು ಬೇರೆ ಹೇಳದಿದ್ದರೆ 100 ಮೀಟರ್‌ಗೆ ಇಟ್ಟಿರುತ್ತಾರೆ. ಹರಪನಹಳ್ಳಿ ಕಡೆಯ ಗುಡ್ಡಗಳ ಗಾಳಿಯಂತ್ರಗಳ ರೆಕ್ಕೆ ತಿರುಗುವುದೂ ಹೆಚ್ಚುಕಡಿಮೆ ಇದೇ ಎತ್ತರದಲ್ಲಿ. ದಾರಿಗೆ ಅಡ್ಡ ಬಂದ ಯಂತ್ರ ಈ ವಿಮಾನಕ್ಕೆ ಕಾಣುವುದಿಲ್ಲ. ಕೂಡ್ಲಿಗಿಯ ಬಂಡೆಗುಡ್ಡಗಳ ಬಳಿ ಇನ್ನೊಂದು ತೊಡಕು: ಎತ್ತರವನ್ನು ಅಳೆಯುವುದು ಹೊರಟ ಜಾಗದಿಂದ, ಕೆಳಗಿರುವ ಗುಡ್ಡದಿಂದಲ್ಲ. ಆದ್ದರಿಂದ ಗಾಳಿಯಂತ್ರ, ಮೊಬೈಲ್ ಟವರ್, ಹೈಟೆನ್ಷನ್ ತಂತಿ, ಗುಡ್ಡ ಯಾವುದೂ ನಡುವೆ ಬಾರದ ಹೊಲ ಹುಡುಕಿ, ಹೊಲದವರನ್ನು ಕೇಳಿ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದೆ. ಅದರ ಸುತ್ತ ಬೇಡ. ಗುಡೇಕೋಟೆ ಕರಡಿಧಾಮದ ಬಳಿಯೂ ಬೇಡ. ಮೈಲಾರದ ಕಾರಣಿಕ, ಕೊಟ್ಟೂರಿನ ತೇರಿನ ಜನಜಂಗುಳಿಯ ಮೇಲಂತೂ ಬೇಡವೇ ಬೇಡ. ಬೆಳಗಿನ ಹೊತ್ತು ಗಾಳಿ ಶಾಂತವಾಗಿರುತ್ತದೆ. ಆಷಾಢದ ಗಾಳಿಯಲ್ಲಿ ಕಲಿಯಲು ಹೋಗಬೇಡಿ.

8. ಹಾರಿಸಿ
ಜಿಪಿಎಸ್ ಹಿಡಿಯುವವರೆಗೆ ಕಾಯಿರಿ. ಎಫ್‌ಬಿಡಬ್ಲ್ಯುಎಯಲ್ಲಿಟ್ಟು ಗೆಳೆಯನ ಕೈಯಿಂದ ಎದುರುಗಾಳಿಗೆ ಮಟ್ಟವಾಗಿ ಎಸೆಸಿ. 60 ಮೀಟರ್ ಏರಿಸಿ, ದೊಡ್ಡ ಸುತ್ತುಗಳನ್ನು ಹಾಕಿಸಿ. ಕೈ ಪಳಗಿದ ಮೇಲೆ ಆರ್‌ಟಿಎಲ್ ಒತ್ತಿ ನೋಡಿ. ನೆನಪಿರಲಿ: ಅದು ತಲೆ ಮೇಲೆ ಬಂದು ಸುತ್ತುತ್ತದೆಯೇ ಹೊರತು ಇಳಿಯುವುದಿಲ್ಲ, ಇಳಿಸುವವರು ನೀವೇ. ಪೂರ್ತಿ ತುಂಬಿದ ಬ್ಯಾಟರಿ 12.6 ವೋಲ್ಟ್ ಇರುತ್ತದೆ, 10.5ಕ್ಕೆ ಬರುವಷ್ಟರಲ್ಲಿ ಇಳಿಸಿರಬೇಕು. ಇವೆಲ್ಲ ಸಲೀಸಾದ ಮೇಲೆ ಕಂಪ್ಯೂಟರಿನಲ್ಲಿ ಬರೆದ ನಾಲ್ಕು ಬಿಂದುವಿನ ದಾರಿಯನ್ನು ಆಟೊ ಮೋಡ್‌ನಲ್ಲಿ ಓಡಿಸಿ.

ಒಬ್ಬರೇ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಐಟಿಐ, ಪಾಲಿಟೆಕ್ನಿಕ್ ಓದುವ ನಾಲ್ವರು ಸೇರಿ ಒಂದು ವಿಮಾನ ಕಟ್ಟಿ. ಒಬ್ಬರು ಹಾರಿಸುವಾಗ ಇನ್ನೊಬ್ಬರು ಪರದೆ ನೋಡಲಿ, ಮತ್ತೊಬ್ಬರು ಆಕಾಶ ಕಾಯಲಿ. ಹಾರಿಸುವ ಹೊಲ ಗೊತ್ತಾಗುವವರೆಗೆ ಸಾಮಾನು ತರಿಸಬೇಡಿ.